ಹುಲ್ಲುಹಾಸಿನ ಉದ್ಯೋಗ: ಮಲೆನಾಡಿನವರು ಎಲ್ಲಿಂದ ಶುರು ಮಾಡಬೇಕು

ಗಣಪತಿಗೆ ಏರಿಸುವ ಗರಿಕೆಯನ್ನೇ ಗಾಲ್ಫ್ ಮೈದಾನದವರು ಬರ್ಮುಡಾ ಅನ್ನುತ್ತಾರೆ. ಸಸ್ಯಶಾಸ್ತ್ರದ ಪುಸ್ತಕದಲ್ಲಿ ಇದರ ಹೆಸರು ಸೈನೊಡಾನ್ ಡ್ಯಾಕ್ಟಿಲಾನ್. ಇದೂ ಆಫ್ರಿಕಾದ ಇನ್ನೊಂದು ಸೈನೊಡಾನ್ ಕೂಡಿ ಹುಟ್ಟಿದ ಸಂಕರವನ್ನು ಆರಿಸಿ ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ 1960ರಲ್ಲಿ ಟಿಫ್‌ವೇ ಎಂಬ ತಳಿಯನ್ನು ಹೊರತಂದರು. 1965ರಲ್ಲಿ ಟಿಫ್‌ಡ್ವಾರ್ಫ್ ಬಂತು. ಬಿಸಿ ಪ್ರದೇಶದ ಎಷ್ಟೋ ಗಾಲ್ಫ್ ಗ್ರೀನ್‌ಗಳು (ಚೆಂಡು ಬೀಳಿಸುವ ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸು), ಕ್ರೀಡಾಂಗಣಗಳು ಇಂದಿಗೂ ಈ ಮನೆತನದ ಮೇಲೇ ನಿಂತಿವೆ. ಈ ಸಂಕರ ತಳಿಗಳು ಬೀಜ ಕಟ್ಟುವುದಿಲ್ಲ. ಬಳ್ಳಿತುಂಡು ನೆಟ್ಟೇ ಬೆಳೆಸಬೇಕು. ಆನ್‌ಲೈನ್‌ನಲ್ಲಿ ಯಾರಾದರೂ ಟಿಫ್‌ವೇ ಬೀಜ ಮಾರುತ್ತಿದ್ದರೆ ಅದು ಟಿಫ್‌ವೇ ಅಲ್ಲ. ಇಷ್ಟು ಗೊತ್ತಿದ್ದರೆ ಮೊದಲ ಮೋಸದಿಂದ ಪಾರಾದಂತೆ.

ಇದನ್ನು ಬರೆಯುತ್ತಿರುವುದು ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ ಕಡೆಯ ಹುಡುಗ ಹುಡುಗಿಯರಿಗಾಗಿ. ಪಿಯುಸಿ, ಡಿಪ್ಲೊಮಾ, ಐಟಿಐ ಅಥವಾ ಕೃಷಿ ಪದವಿ ಮುಗಿಸಿ ಮುಂದೇನು ಅನ್ನುತ್ತಿರುವವರಿಗೆ ಹೇಳಬೇಕಾದ ಮುಖ್ಯ ಮಾತು ಒಂದೇ: ಹುಲ್ಲುಹಾಸಿನ ಕೆಲಸದ ಅರ್ಧಭಾಗ ನೀರನ್ನು ಹೊರಗೆ ಕಳಿಸುವುದು. ಅಡಿಕೆ ತೋಟದ ಕಾದಿಗೆ ಪ್ರತಿ ವರ್ಷ ಯಾಕೆ ಬಿಡಿಸಬೇಕು, ಬಿಡಿಸದಿದ್ದರೆ ಮರದ ಬೇರಿಗೆ ಏನಾಗುತ್ತದೆ ಅನ್ನುವುದನ್ನು ಕಂಡು ಬೆಳೆದವರು ಈ ಕೆಲಸಕ್ಕೆ ಅರ್ಧ ತಯಾರಾಗಿಯೇ ಬಂದಿರುತ್ತಾರೆ. ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಸುರಿಯುವ ಆಗುಂಬೆಯೂ, ಅದರ ಒಂದಂಶ ಮಾತ್ರ ಕಾಣುವ ಶಿವಮೊಗ್ಗ ಪೇಟೆಯೂ ಒಂದೇ ಜಿಲ್ಲೆಯಲ್ಲಿವೆ. ಎರಡೂ ಕಡೆ ಹುಲ್ಲು ಬೆಳೆಸಿದವರಿಗೆ ಬೇರೆ ಊರಿನ ಮೈದಾನ ಕಷ್ಟವಾಗುವುದಿಲ್ಲ.

ಕೆಲಸ ಯಾವ ಯಾವ ರೂಪದಲ್ಲಿದೆ

ಗಾಲ್ಫ್ ಮೈದಾನದಲ್ಲಿ ಮೆಟ್ಟಿಲುಗಳು ಸ್ಪಷ್ಟ: ಗ್ರೌಂಡ್ಸ್‌ಮನ್, ಮೊವರ್ (ಹುಲ್ಲು ಕತ್ತರಿಸುವ ಯಂತ್ರ) ಆಪರೇಟರ್, ಸ್ಪ್ರೇ ಅಥವಾ ನೀರಾವರಿ ತಂತ್ರಜ್ಞ, ಸಹಾಯಕ ಸೂಪರಿಂಟೆಂಡೆಂಟ್, ಕೊನೆಗೆ ಸೂಪರಿಂಟೆಂಡೆಂಟ್. ಬೆಂಗಳೂರಿನಲ್ಲಿ 1876ರ ಹಳೆಯ ಕ್ಲಬ್‌ನಿಂದ ಹಿಡಿದು ಹೊಸ ಮೈದಾನಗಳವರೆಗೆ ಇವೆ. ಮೈಸೂರು, ಚಿಕ್ಕಮಗಳೂರು, ಕೊಡಗಿನಲ್ಲೂ ಇವೆ.

ಕ್ರಿಕೆಟ್‌ನ ದಾರಿ ಬೇರೆ. ಅಲ್ಲಿ ಗ್ರೌಂಡ್ಸ್‌ಮನ್ ಆಗಿ ಸೇರಿ ಕ್ಯುರೇಟರ್, ಅಂದರೆ ಪಿಚ್ ಸಿದ್ಧಪಡಿಸುವ ಹೊಣೆಗಾರ ಆಗಬೇಕು. 22 ಗಜದ ಪಿಚ್‌ನಲ್ಲಿ ಹುಲ್ಲಿಗಿಂತ ಜೇಡಿಮಣ್ಣಿನ ಕೆಲಸವೇ ಹೆಚ್ಚು. ರೋಲರ್ ಯಾವ ತೇವದಲ್ಲಿ ಓಡಿಸಬೇಕು ಅನ್ನುವುದು ಕೈಯಿಂದ ಮಣ್ಣು ಹಿಸುಕಿ ನೋಡಿಯೇ ತಿಳಿಯಬೇಕಾದ ವಿದ್ಯೆ. ಬಿಸಿಸಿಐ ಕ್ಯುರೇಟರ್‌ಗಳಿಗೆ ಪ್ರಮಾಣಪತ್ರದ ತರಬೇತಿ ನಡೆಸುತ್ತದೆ, ಆದರೆ ಅಲ್ಲಿಗೆ ತಲುಪುವುದು ಸಾಮಾನ್ಯವಾಗಿ ಮೈದಾನದಲ್ಲಿ ವರ್ಷಗಟ್ಟಲೆ ದುಡಿದ ಮೇಲೆ. ಶಿವಮೊಗ್ಗ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಒಂದು ವಲಯ. ನವುಲೆಯ ಮೈದಾನದಲ್ಲಿ ರಣಜಿ ಪಂದ್ಯಗಳು ನಡೆದಿವೆ. ಪಂದ್ಯದ ಹಿಂದಿನ ವಾರ ಕೆಲಸಕ್ಕೆ ಹೆಚ್ಚುವರಿ ಕೈ ಬೇಕೇ ಎಂದು ವಿಚಾರಿಸುವುದರಿಂದ ಶುರು ಮಾಡಬಹುದು.

ಇವೆರಡರ ಆಚೆಗೆ ಫುಟ್ಬಾಲ್, ಹಾಕಿ, ಅಥ್ಲೆಟಿಕ್ಸ್ ಮೈದಾನಗಳು, ವಿಶ್ವವಿದ್ಯಾಲಯದ ಆವರಣಗಳು, ಪಾಲಿಕೆಯ ಉದ್ಯಾನಗಳ ಟೆಂಡರ್, ಹೋಮ್‌ಸ್ಟೇ ಮತ್ತು ರೆಸಾರ್ಟ್‌ಗಳು ಇವೆ. 2023ರಲ್ಲಿ ಸೋಗಾನೆಯಲ್ಲಿ ವಿಮಾನ ನಿಲ್ದಾಣ ತೆರೆದ ಮೇಲೆ ಇನ್ನೊಂದು ಬಗೆಯ ಹುಲ್ಲು ನಿರ್ವಹಣೆಯೂ ಜಿಲ್ಲೆಗೆ ಬಂತು. ರನ್‌ವೇ ಪಕ್ಕದ ಹುಲ್ಲಿನ ಎತ್ತರವನ್ನು ಹಿಡಿತದಲ್ಲಿ ಇಡುವುದು ಹಕ್ಕಿಗಳನ್ನು ದೂರ ಇಡುವ ಸುರಕ್ಷತಾ ಕೆಲಸ. ಟೋರೊ, ಜಾನ್ ಡೀರ್, ರೇನ್ ಬರ್ಡ್, ಹಂಟರ್‌ನಂಥ ಯಂತ್ರ ಮತ್ತು ಸ್ಪ್ರಿಂಕ್ಲರ್ ಕಂಪನಿಗಳ ಮಾರಾಟ, ಸರ್ವಿಸ್ ವಿಭಾಗಗಳಲ್ಲೂ ಹುಲ್ಲು ಗೊತ್ತಿರುವವರಿಗೆ ಕೆಲಸವಿದೆ.

ಎಲ್ಲರೂ ಕಡೆಗಣಿಸುವ, ಆದರೆ ನಮ್ಮ ಪ್ರಕಾರ ಅತಿ ಬೇಗ ಮೇಲೇರಿಸುವ ಹುದ್ದೆ ಒಂದಿದೆ: ಟರ್ಫ್ ಮೆಕ್ಯಾನಿಕ್. ಸುರುಳಿಯಾಕಾರದ ಬ್ಲೇಡ್ ತಿರುಗಿ ಕತ್ತರಿಸುವ ರೀಲ್ ಮೊವರ್‌ನ ಬ್ಲೇಡ್ ಸಾಣೆ ಹಿಡಿದು, ಮಿಲಿಮೀಟರ್‌ನ ಹತ್ತನೇ ಒಂದರ ಲೆಕ್ಕದಲ್ಲಿ ಎತ್ತರ ಕೂರಿಸಬಲ್ಲವರು ಸಿಗುವುದೇ ಇಲ್ಲ. ಫೌಂಡ್ರಿ, ಲೇತ್ ನಡುವೆ ಬೆಳೆದ ಶಿವಮೊಗ್ಗದ ಐಟಿಐ ಫಿಟ್ಟರ್‌ಗೆ ಇದು ಹೇಳಿಮಾಡಿಸಿದ ಕೆಲಸ.

ಮೊದಲ ಪಾಠಶಾಲೆ: ಒಂದು ಗುಂಟೆ ಜಾಗ

ಕೋರ್ಸ್ ಹುಡುಕುವ ಮೊದಲು ದಿನಕ್ಕೆ 6ರಿಂದ 8 ಗಂಟೆ ನೇರ ಬಿಸಿಲು ಬೀಳುವ ಒಂದು ಗುಂಟೆ ಜಾಗ ಹುಡುಕಿ. ಒಂದು ಗುಂಟೆ ಅಂದರೆ ಸುಮಾರು 101 ಚದರ ಮೀಟರ್. ಗೊಬ್ಬರ, ಔಷಧ, ಮರಳು ಯಾವುದರ ಲೆಕ್ಕವನ್ನಾದರೂ 100 ಚ.ಮೀ.ಗೆ ಇಟ್ಟುಕೊಂಡರೆ ತಲೆಯಲ್ಲೇ ಮಾಡಬಹುದು. ಅಡಿಕೆ ಮರದ ನೆರಳಲ್ಲಿ ಬರ್ಮುಡಾ ಹಾಕಬೇಡಿ, ಎರಡು ತಿಂಗಳಲ್ಲಿ ತೆಳುವಾಗಿ ಪಾಚಿ ಹಿಡಿಯುತ್ತದೆ. ನೆರಳಿರುವ ಕಡೆ ಅಗಲ ಎಲೆಯ ಕಾರ್ಪೆಟ್ ಹುಲ್ಲು ಬಾಳುತ್ತದೆ.

ನೆಡುವ ಮೊದಲು ಜೇಕು ತೆಗೆಯಿರಿ. ಬೇಸಿಗೆಯಲ್ಲಿ ನೀರು ಕೊಟ್ಟು ಮೊಳೆಯಲು ಬಿಡಿ, ಅಗೆದು ಗಡ್ಡೆ ಆರಿಸಿ ಬಿಸಿಲಿಗೆ ಒಣಗಿಸಿ. ಹೀಗೆ 2–3 ಸುತ್ತು ಮಾಡಿ. ಒಂದೇ ಸುತ್ತಿಗೆ ಮುಗಿಸಿದವರು ಮುಂದೆ ವರ್ಷವಿಡೀ ಕಳೆ ಕೀಳುತ್ತಾರೆ. ಮಲೆನಾಡಿನ ಜಂಬಿಟ್ಟಿಗೆ ಮಣ್ಣು ಸಾಮಾನ್ಯವಾಗಿ ಹುಳಿ. ಸುಣ್ಣ ಎಷ್ಟು ಬೇಕೆಂಬುದನ್ನು ಅಂದಾಜಿನಲ್ಲಿ ಹಾಕದೆ ಮಣ್ಣು ಪರೀಕ್ಷೆ ಮಾಡಿಸಿ. ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ನಂತರ 10 ಸೆಂ.ಮೀ. ಅಂತರದಲ್ಲಿ ಬಳ್ಳಿತುಂಡು ಊರಿ. ಒಂದು ಚದರ ಮೀಟರ್‌ಗೆ 100 ತುಂಡು ಹಿಡಿಯುತ್ತದೆ.

ಈಗ ಆ ಗುಂಟೆಯಲ್ಲಿ ಕಲಿಯಬೇಕಾದ್ದು.

ನೀರು ಇಂಗುವ ವೇಗ. ಸುಮಾರು 15 ಸೆಂ.ಮೀ. ವ್ಯಾಸದ ಪಿವಿಸಿ ಪೈಪಿನ ತುಂಡನ್ನು 5 ಸೆಂ.ಮೀ. ಆಳಕ್ಕೆ ಬಡಿದು ಕೂರಿಸಿ. ಮಣ್ಣು ಪೂರ್ತಿ ನೆನೆಯುವಷ್ಟು ನೀರು ಮೊದಲು ಕುಡಿಸಿ, ಆಮೇಲೆ 25 ಮಿ.ಮೀ. ನೀರು ನಿಲ್ಲಿಸಿ ಗಡಿಯಾರ ನೋಡಿ. 10 ನಿಮಿಷದಲ್ಲಿ ಇಂಗಿದರೆ ಗಂಟೆಗೆ 150 ಮಿ.ಮೀ. ಆಯಿತು. ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ ಗ್ರೀನ್‌ನ ಮರಳಿಗೆ ಹೇಳುವ ಕನಿಷ್ಠ ಮಟ್ಟವೂ ಇದೇ. ಅದು ಪ್ರಯೋಗಾಲಯದಲ್ಲಿ ಅಳೆಯುವ ಅಂಕಿ, ಆದರೂ ಹೋಲಿಸಿ ನೋಡಲು ಸಾಕು. ನಿಮ್ಮ ಅಂಗಳದ ಮಣ್ಣಿನಲ್ಲಿ ಅದೇ ನೀರು ಒಂದು ಗಂಟೆ ಹಿಡಿದರೆ ಆಶ್ಚರ್ಯವಿಲ್ಲ. ಅಂಥಲ್ಲಿ ಇಳಿಜಾರು ಮತ್ತು ಬಸಿಗಾಲುವೆಯೇ ಗತಿ.

ಬಸಿಗಾಲುವೆಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು. ಆಟದ ಮೈದಾನಕ್ಕೆ 100ಕ್ಕೆ 1ರ ಇಳಿಜಾರು ಇಟ್ಟರೆ, ಪಿಚ್‌ನಿಂದ 65 ಮೀಟರ್ ದೂರದ ಬೌಂಡರಿ 65 ಸೆಂ.ಮೀ. ತಗ್ಗಿನಲ್ಲಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ನೀರಿಗೆ ಮಾತ್ರ ಗೊತ್ತಾಗುತ್ತದೆ. ಮೇಲ್ಮೈಯ ಇಳಿಜಾರು ಸಾಲದಿದ್ದರೆ ಸುಮಾರು 5 ಮೀಟರ್‌ಗೊಂದರಂತೆ 45–60 ಸೆಂ.ಮೀ. ಆಳದ ಚರಂಡಿ ತೋಡಿ 100 ಮಿ.ಮೀ. ತೂತಿನ ಪೈಪ್ ಇಟ್ಟು ಜಲ್ಲಿ ತುಂಬಿ, ಮೇಲೆ ಮರಳು ಹಾಕುತ್ತಾರೆ. ಇಲ್ಲಿ ನಮ್ಮ ಕಡೆ ಆಗುವ ದೊಡ್ಡ ತಪ್ಪು, ಹತ್ತಿರ ಸಿಗುತ್ತದೆಂದು ಜಂಬಿಟ್ಟಿಗೆ ಚೂರು ತುಂಬುವುದು. ಅದು ಎರಡು ಮಳೆಗಾಲದಲ್ಲಿ ಕರಗಿ ಕೆಸರಾಗಿ ಪೈಪಿನ ತೂತು ಮುಚ್ಚುತ್ತದೆ. ತೊಳೆದ ಗಟ್ಟಿ ಕಲ್ಲಿನ ಜಲ್ಲಿಯೇ ಬೇಕು. ಇನ್ನೊಂದು ತಪ್ಪು ಡಸ್ಟ್ ತುಂಬಿದ ಎಂ-ಸ್ಯಾಂಡ್. ಒಂದು ಲೀಟರ್ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮರಳು, ಉಳಿದದ್ದು ನೀರು ಹಾಕಿ ಕುಲುಕಿ ಇಡಿ. ಒಂದು ನಿಮಿಷದೊಳಗೆ ಮರಳು ತಳ ಸೇರುತ್ತದೆ. ಮರುದಿನವೂ ನೀರು ಕದಡಿದ್ದರೆ, ಅಥವಾ ಮರಳ ಮೇಲೆ ದಪ್ಪ ಕೆನೆಯಂತೆ ಹೂಳು ಕೂತಿದ್ದರೆ ಆ ಲೋಡು ವಾಪಸ್ ಕಳಿಸಿ. ಯುಎಸ್‌ಜಿಎ ಮಾನದಂಡದಲ್ಲಿ ಹೂಳು 5%, ಜೇಡಿ 3% ಮೀರುವಂತಿಲ್ಲ. 30 ಸೆಂ.ಮೀ. ಮರಳಿನ ಪದರ, ಅದರಡಿ 10 ಸೆಂ.ಮೀ. ಜಲ್ಲಿ ಇರಬೇಕು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ 2017ರಲ್ಲಿ ಅಳವಡಿಸಿದ ಸಬ್‌ಏರ್ ವ್ಯವಸ್ಥೆ ಅಡಿಯಿಂದಲೇ ನೀರು ಹೀರುತ್ತದೆ. ಆದರೆ ಮೇಲಿನ ಮರಳು ಒಳ್ಳೆಯದಿಲ್ಲದಿದ್ದರೆ ಆ ಪಂಪೂ ಏನೂ ಮಾಡಲಾರದು.

ಕತ್ತರಿಸುವುದು. ಗಾಲ್ಫ್ ಗ್ರೀನ್ 3–4 ಮಿ.ಮೀ., ಕ್ರಿಕೆಟ್ ಔಟ್‌ಫೀಲ್ಡ್ 10–15 ಮಿ.ಮೀ., ಫುಟ್ಬಾಲ್ ಸುಮಾರು 25 ಮಿ.ಮೀ., ಮನೆಯಂಗಳ 30–40 ಮಿ.ಮೀ. ಒಂದೇ ಸಲ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಕತ್ತರಿಸಬಾರದು: 12 ಮಿ.ಮೀ. ಇಡಬೇಕಾದ ಹುಲ್ಲನ್ನು 18 ದಾಟಲು ಬಿಡಬೇಡಿ. ದಾಟಿದ ಮೇಲೆ ಬೋಳಿಸಿದರೆ ಹಸಿರೆಲೆ ಹೋಗಿ ಕಂದು ಕಡ್ಡಿ ಉಳಿಯುತ್ತದೆ, ಬೇರೂ ಮೊಟಕಾಗುತ್ತದೆ. ರೀಲ್ ಮೊವರ್ ಎತ್ತರವನ್ನು ನೆಲದಿಂದ ಅಳೆಯುವುದಲ್ಲ. ಮುಂದಿನ ಮತ್ತು ಹಿಂದಿನ ರೋಲರ್ ಅಡಿಗೆ ನೇರ ಪಟ್ಟಿ ಹಿಡಿದು, ಅದರಿಂದ ಬೆಡ್‌ನೈಫ್ (ರೀಲ್ ಅಡಿಯ ತಿರುಗದ ಬ್ಲೇಡ್) ಅಂಚಿನವರೆಗೆ, ಎಡ ಬಲ ಎರಡೂ ತುದಿಯಲ್ಲಿ ಅಳೆಯಬೇಕು. ಹರಿತವಿದೆಯೇ ನೋಡಲು ದಿನಪತ್ರಿಕೆಯ ಪಟ್ಟಿಯನ್ನು ರೀಲ್‌ಗೆ ಕೊಟ್ಟು ಕೈಯಿಂದ ನಿಧಾನ ತಿರುಗಿಸಿ, ಎಂಜಿನ್ ಆಫ್ ಮಾಡಿ ಸ್ಪಾರ್ಕ್ ಪ್ಲಗ್ ವಯರ್ ತೆಗೆದ ಮೇಲೆ ಮಾತ್ರ. ಇಡೀ ಉದ್ದಕ್ಕೂ ಕಾಗದ ಕತ್ತರಿಯಂತೆ ತುಂಡಾಗಬೇಕು. ಮಡಚಿ ಒಳಗೆ ಸೇರಿದರೆ ಅಲ್ಲಿ ಹುಲ್ಲೂ ಹರಿಯುತ್ತದೆ, ಹರಿದ ತುದಿ ಮರುದಿನ ಬಿಳಿಚುತ್ತದೆ, ಮಳೆಗಾಲದಲ್ಲಿ ರೋಗ ಅಲ್ಲಿಂದಲೇ ನುಗ್ಗುತ್ತದೆ.

ಗೊಬ್ಬರ. ಚದರ ಮೀಟರ್‌ಗೆ 4 ಗ್ರಾಂ ಸಾರಜನಕ ಕೊಡಬೇಕೆಂದರೆ ಒಂದು ಗುಂಟೆಗೆ 400 ಗ್ರಾಂ. ಯೂರಿಯಾದಲ್ಲಿ 46% ಇರುವುದರಿಂದ 400 ÷ 0.46, ಅಂದರೆ 870 ಗ್ರಾಂ ಯೂರಿಯಾ. ಅರ್ಧ ಉದ್ದಕ್ಕೆ, ಅರ್ಧ ಅಡ್ಡಕ್ಕೆ ಎರಚಿ ತಕ್ಷಣ ನೀರು ಹಾಯಿಸಿ. ಒಂದೇ ದಿಕ್ಕಿಗೆ ಎರಚಿದರೆ ಹತ್ತು ದಿನದಲ್ಲಿ ಪಟ್ಟೆ ಪಟ್ಟೆ ಕಾಣುತ್ತದೆ. ಎಲೆ ಒದ್ದೆ ಇರುವಾಗ ಎರಚಿದರೆ ಸುಡುತ್ತದೆ. ಪುಷ್ಯ ಮಳೆ ಹೊಡೆಯುತ್ತಿರುವಾಗ ಹಾಕಿದ್ದು ಹಳ್ಳ ಸೇರುತ್ತದೆ.

ಸಿಂಪಡಣೆ. ಬ್ಯಾಕ್‌ಪ್ಯಾಕ್ ಸ್ಪ್ರೇಯರ್‌ನಲ್ಲಿ ಬರೀ ನೀರು ತುಂಬಿ, ನಿಮ್ಮ ಸಹಜ ನಡಿಗೆಯಲ್ಲಿ 100 ಚ.ಮೀ. ಹೊಡೆದು ಎಷ್ಟು ಖರ್ಚಾಯಿತು ಅಳೆಯಿರಿ. 5 ಲೀಟರ್ ಆದರೆ 16 ಲೀಟರ್ ಟ್ಯಾಂಕ್ 320 ಚ.ಮೀ.ಗೆ ಬರುತ್ತದೆ. ಲೇಬಲ್ 100 ಚ.ಮೀ.ಗೆ 10 ಗ್ರಾಂ ಹೇಳಿದ್ದರೆ ಟ್ಯಾಂಕಿಗೆ 32 ಗ್ರಾಂ. ‘ಲೀಟರಿಗೊಂದು ಮುಚ್ಚಳ’ ಲೆಕ್ಕದಲ್ಲಿ ಹೊಡೆಯುವವರು ನಿಧಾನ ನಡೆದ ದಿನ ಎರಡು ಪಟ್ಟು ಔಷಧ ಹಾಕಿರುತ್ತಾರೆ. ಕೈಗವಸು, ಮುಖಗವಸು ಬಿಟ್ಟು ಈ ಕೆಲಸಕ್ಕೆ ಇಳಿಯಲೇಬೇಡಿ.

ರೋಗ ಗುರುತಿಸುವುದರಲ್ಲಿ ಅಡಿಕೆ ಬೆಳೆಗಾರರ ಮಕ್ಕಳಿಗೆ ಒಂದು ಅನುಕೂಲವಿದೆ. ಕೊಳೆರೋಗದ ಫೈಟೊಫ್ತೊರಾಕ್ಕೂ, ಹುಲ್ಲನ್ನು ಒಂದೇ ರಾತ್ರಿಯಲ್ಲಿ ಜಿಡ್ಡು ಜಿಡ್ಡಾಗಿ ಮಲಗಿಸುವ ಪಿಥಿಯಂಗೂ ದಾಯಾದಿ ಸಂಬಂಧ. ಎರಡಕ್ಕೂ ಮೆಟಲಾಕ್ಸಿಲ್ ಎಂಬ ಔಷಧ ತಾಗುತ್ತದೆ, ಕಾರ್ಬೆಂಡಾಜಿಂ ತಾಗುವುದಿಲ್ಲ. ಪಿಥಿಯಂ ನೀರು ಹರಿದ ದಾರಿಯನ್ನೂ ಮೊವರ್ ಚಕ್ರದ ಜಾಡನ್ನೂ ಹಿಡಿದು ಹಬ್ಬುತ್ತದೆ. ನಾಣ್ಯದಗಲದ ಒಣ ಚುಕ್ಕೆಗಳಾದರೆ ಡಾಲರ್ ಸ್ಪಾಟ್. ಅದು ಹಸಿದ ಹುಲ್ಲಿನ ರೋಗ, ಸ್ವಲ್ಪ ಸಾರಜನಕ ಕೊಟ್ಟರೆ ಎಷ್ಟೋ ಸಲ ಹಿಂದೆ ಸರಿಯುತ್ತದೆ. ಪಾಚಿ ಕಂಡರೆ ಔಷಧದ ಅಂಗಡಿಗೆ ಓಡಬೇಡಿ. ನೆರಳಿನ ಕೊಂಬೆ ಸವರಿ, ನೆಲ ಚುಚ್ಚಿ, ನೀರಿಗೆ ದಾರಿ ಮಾಡಿ. ಬೇರುಹುಳದ ಕಾಟವಿದ್ದಲ್ಲಿ ಹುಲ್ಲು ಚಾಪೆಯಂತೆ ಮೇಲೇಳುತ್ತದೆ. ಕಾಡುಹಂದಿ ರಾತ್ರಿ ಬಂದು ಅಂಗಳ ಉತ್ತುಹೋಗುವುದೂ ಎಷ್ಟೋ ಸಲ ಈ ಹುಳುವಿಗಾಗಿಯೇ. ದುಂಬಿಗಳು ಮುಂಗಾರಿನ ಮೊದಲ ಮಳೆಗೆ ಹೊರಬರುತ್ತವೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಲ್ಲಿ ಒಂದಡಿ ಚೌಕ ಮೂರು ಬದಿ ಕೊಯ್ದು ಎತ್ತಿ ಹುಳು ಎಣಿಸಿ.

ನೆಲ ಚುಚ್ಚುವ ಕೆಲಸವನ್ನು ನಡುಮಳೆಗಾಲದಲ್ಲಿ ಮಾಡಬೇಡಿ, ಒದ್ದೆ ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ. ಏಪ್ರಿಲ್–ಮೇ ತಿಂಗಳ ಅಡ್ಡಮಳೆ ಬಿದ್ದ ಮೇಲೆ ಒಮ್ಮೆ, ಮಳೆ ಹಿಂಜರಿದ ಮೇಲೆ ಒಮ್ಮೆ ಮಾಡಿ. ಟೊಳ್ಳು ಮೊಳೆ 12 ಮಿ.ಮೀ. ವ್ಯಾಸ, 75–100 ಮಿ.ಮೀ. ಆಳ. ಅದರ ಮೇಲೆ 3 ಮಿ.ಮೀ. ಮರಳು ಅಂದರೆ ಗುಂಟೆಗೆ 300 ಲೀಟರ್, 15 ಲೀಟರ್‌ನ 20 ಬಕೆಟ್.

ಇದೆಲ್ಲವನ್ನೂ ದಿನಾಂಕ ಹಾಕಿ ಬರೆದಿಡಿ: ಮಳೆ ಎಷ್ಟು, ಕತ್ತರಿಸಿದ ಎತ್ತರ, ಹಾಕಿದ ಗೊಬ್ಬರದ ಗ್ರಾಂ, ಕಂಡ ರೋಗ, ಜೊತೆಗೆ ಅದೇ ಜಾಗದಲ್ಲಿ ನಿಂತು ತೆಗೆದ ಫೋಟೊ. ಒಂದು ವರ್ಷದ ಇಂಥ ನೋಟ್‌ಬುಕ್ ಯಾವ ಸರ್ಟಿಫಿಕೇಟ್‌ಗೂ ಕಡಿಮೆಯಿಲ್ಲ.

ಓದು

ಎಸ್ಸೆಸ್ಸೆಲ್ಸಿ ಮುಗಿಸಿದ ರೈತರ ಮಕ್ಕಳಿಗೆ ತೋಟಗಾರಿಕೆ ಇಲಾಖೆ ಲಾಲ್‌ಬಾಗ್ ಮತ್ತು ಇತರ ಕೇಂದ್ರಗಳಲ್ಲಿ 10 ತಿಂಗಳ ತೋಟಗಾರಿಕೆ ತರಬೇತಿ ಕೊಡುತ್ತದೆ. ಜಿಲ್ಲಾ ಕಚೇರಿಯಲ್ಲಿ ಅರ್ಜಿಯ ದಿನಾಂಕ ಕೇಳಿ. ವಿಜ್ಞಾನದ ಪಿಯುಸಿ ಆದವರು ಸಿಇಟಿ ಬರೆದು ನಾಲ್ಕು ವರ್ಷದ ಬಿಎಸ್ಸಿ ತೋಟಗಾರಿಕೆ ಅಥವಾ ಕೃಷಿ ಸೇರಬಹುದು. ಜಮೀನಿರುವ ಮನೆಯವರು ಕೃಷಿಕರ ಕೋಟಾ ಮತ್ತು ಅದರ ಪ್ರಾಯೋಗಿಕ ಪರೀಕ್ಷೆಯನ್ನು ಮರೆಯಬೇಡಿ. ಇರುವಕ್ಕಿಯ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ನವುಲೆಯಲ್ಲಿ ಕೃಷಿ, ಮೂಡಿಗೆರೆಯಲ್ಲಿ ತೋಟಗಾರಿಕೆ ಕಾಲೇಜು ಇವೆ. ಹುಲ್ಲುಹಾಸು ಪದವಿಯಲ್ಲಿ ಪುಷ್ಪಕೃಷಿ ಮತ್ತು ಉದ್ಯಾನ ವಿಭಾಗದ ಸಣ್ಣ ಭಾಗವಾಗಿ ಬರುತ್ತದೆ, ಅದಷ್ಟೇ ಸಾಲದು. ರಜೆಯಲ್ಲಿ ಗಾಲ್ಫ್ ಮೈದಾನದಲ್ಲಿ ಎರಡು ತಿಂಗಳು ದುಡಿಯಲು ಅವಕಾಶ ಕೇಳಿ, ಎಂಎಸ್ಸಿಗೆ ಅದೇ ವಿಭಾಗ ಆರಿಸಿ.

ಸಂದರ್ಶನಕ್ಕೆ ಹೋದಾಗ ಇಂಥದ್ದು ಕೇಳುತ್ತಾರೆ: 5,000 ಚ.ಮೀ.ಗೆ 5 ಮಿ.ಮೀ. ನೀರು ಅಂದರೆ ಎಷ್ಟು ಲೀಟರ್? (25,000.) ಈ ಮೊವರ್ ಎತ್ತರ ಕೂರಿಸಿ ತೋರಿಸಿ. ಈ ಚುಕ್ಕೆ ಯಾವ ರೋಗದ್ದು? ನೀವೂ ತಿರುಗಿ ಕೇಳಿ: ಯಂತ್ರಗಳಿಗೆ ಸ್ವಂತ ವರ್ಕ್‌ಶಾಪ್ ಇದೆಯೇ, ಸಿಂಪಡಿಸುವವರಿಗೆ ರಕ್ಷಣಾ ಉಡುಪು ಕೊಡುತ್ತೀರಾ, ವಸತಿ, ಪಿಎಫ್, ಇಎಸ್‌ಐ ಇದೆಯೇ. ಕೆಲಸ ಬೆಳಗಿನ ಐದು ಐದೂವರೆಗೆ ಶುರು. ಆಟಗಾರರು ಬರುವ ಮೊದಲು ಗ್ರೀನ್ ಕತ್ತರಿಸಿ ಮುಗಿದಿರಬೇಕು.

ಊರಲ್ಲೇ ನಿಂತು ಮಾಡುವವರಿಗೆ

ಹೋಮ್‌ಸ್ಟೇ ಅಂಗಳದ ಗುತ್ತಿಗೆ ಮಲೆನಾಡಿನಲ್ಲಿ ನಿಜವಾದ ಅವಕಾಶ. ಅತಿಥಿಗಳು ಉಂಬಳಕ್ಕೆ ಹೆದರುತ್ತಾರೆ. ಬಿಸಿಲು ತಾಗುವ, ತರಗೆಲೆ ಬಳಿದ, ಗಿಡ್ಡ ಹುಲ್ಲಿನಲ್ಲಿ ಉಂಬಳ ಕಡಿಮೆ ಅನ್ನುವುದು ಮಾಲೀಕರಿಗೆ ಬೇಗ ಅರ್ಥವಾಗುತ್ತದೆ. ದರ ಹೇಳುವ ಮೊದಲು ವರ್ಷದ ಭೇಟಿ ಎಣಿಸಿ. ಜೂನ್‌ನಿಂದ ಅಕ್ಟೋಬರ್ ವಾರಕ್ಕೊಮ್ಮೆ ಅಂದರೆ 22, ನವೆಂಬರ್‌ನಿಂದ ಜನವರಿ ತಿಂಗಳಿಗೆ ಎರಡರಂತೆ 6, ಫೆಬ್ರವರಿಯಿಂದ ಮೇ ಹತ್ತು ದಿನಕ್ಕೊಮ್ಮೆ 12, ಒಟ್ಟು 40. ಕೂಲಿ, ಪೆಟ್ರೋಲ್, ಓಡಾಟ, ಯಂತ್ರದ ಸವಕಳಿ ಸೇರಿಸಿ ಅದನ್ನು ಹನ್ನೆರಡು ಸಮ ಕಂತು ಮಾಡಿ. ತಿಂಗಳು ತಿಂಗಳಿಗೆ ಮಾಡಿದ ಕೆಲಸಕ್ಕೆ ಮಾತ್ರ ಹಣ ಅಂದರೆ ಚಳಿಗಾಲದಲ್ಲಿ ಆಳಿಗೆ ಕೊಡಲು ಕೈ ಖಾಲಿ. ಕಾಡುಹಂದಿ ಹಾನಿ, ಮರಳು, ರೋಗದ ಔಷಧ ಬೇರೆ ಬಿಲ್ಲು, ಮಳೆ ಬಿಡದ ವಾರ ಭೇಟಿ ಮುಂದಕ್ಕೆ ಎಂದು ಕಾಗದದಲ್ಲಿ ಬರೆಸಿಕೊಳ್ಳಿ.

ಹುಲ್ಲಿನ ನರ್ಸರಿ ಎರಡನೇ ದಾರಿ. ಬೀಜವಿಲ್ಲದ ತಳಿಯಾದ್ದರಿಂದ ಗಿರಾಕಿ ನಿಮ್ಮಲ್ಲಿಗೇ ಬರಬೇಕು. 10 ಗುಂಟೆ ಅಂದರೆ 10,890 ಚದರಡಿ. ಮಾರಲು ಹುಲ್ಲನ್ನು ಬೇರುಮಣ್ಣಿನ ಸಮೇತ ಚಾಪೆಯಾಗಿ ಎತ್ತುವಾಗ ನಡುನಡುವೆ ಸುಮಾರು 5 ಸೆಂ.ಮೀ. ಪಟ್ಟಿ ಬಿಟ್ಟರೆ ಅದೇ ಮತ್ತೆ ಹಬ್ಬುತ್ತದೆ. ಜೇಕಿನ ಗಡ್ಡೆ ಇಲ್ಲದ ಚಾಪೆ ಕೊಡುವವರೆಂಬ ಹೆಸರು ಬಂದರೆ ಸಾಕು. ಕೆಂಪು ಮಣ್ಣಿನ ಚಾಪೆಯನ್ನು ಮರಳಿನ ಮೈದಾನಕ್ಕೆ ಹಾಗೇ ಮಾರಬೇಡಿ, ಮಣ್ಣಿನ ಪದರ ನೀರನ್ನು ಮೇಲೆಯೇ ತಡೆಯುತ್ತದೆ. ಬೇರು ತೊಳೆದು ಕಳಿಸಿ.

ಗಲ್ಫ್ ದೇಶಗಳ ಗಾಲ್ಫ್ ಮೈದಾನಗಳಿಗೆ ಹೋಗುವವರು ಉಪ್ಪುನೀರು ತಾಳುವ ಪಾಸ್ಪಾಲಮ್ ಹುಲ್ಲಿನ ಬಗ್ಗೆ ಓದಿಕೊಂಡು ಹೋಗಿ. ಏಜೆಂಟ್ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತನೇ ನೋಡಿ. ನೋಂದಾಯಿತ ಏಜೆಂಟ್ ಪಡೆಯಬಹುದಾದ ಸೇವಾ ಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದಕ್ಕಿಂತ ಹೆಚ್ಚು ಕೇಳಿದರೆ, ಅಥವಾ ವಿಸಿಟ್ ವೀಸಾದಲ್ಲಿ ಹೋಗಿ ಆಮೇಲೆ ಬದಲಿಸೋಣ ಅಂದರೆ, ಪಾಸ್‌ಪೋರ್ಟ್ ಕೊಡದೆ ಎದ್ದು ಬನ್ನಿ.